ಗಂಟಿಯವನ ಲೆಕ್ಕ

ಯಾರು ದೊಡ್ಡಾಂವ, ದಾವಲಸಾಬನೋ ಏಸುಪಾದನೋ
ಅಂತ ಇಪ್ಪತ್ತು ವರ್ಷದಿಂದ ಕೇಳಾಕತ್ತೀರಿ,
ಗದಗ ರೋಡಿನ ಈ ಚಾದಂಗಡಿಯೊಳಗ,
ಅರ್ಧ ಕಪ್ಪಿನ ಆಸೆ ತೋರಿಸಿ.

ನಾ ಹೊಡದಾಡಿದಾಂವಲ್ಲ.
ವರ್ಕ್‌ಶಾಪಿನ ಟೈಮ್ ಆಫೀಸಿನ ಕಾರಕೂನ.
ಇನ್‌ಸ್ಟಿಟ್ಯೂಟಿನ ಹಾಲಿನ್ಯಾಗ ತೂಗಹಾಕಿದ್ದ
ಮೊಳದುದ್ದ ಹಳಿ ತುಂಡಿಗೆ ಬೋಲ್ಟಿನಿಂದ ಬಡದು
ಮೂರು ನಿಮಿಷ ಆತು ಅಂತ ಹೇಳಾಂವ, ಅಷ್ಟ.

ದಾವಲಸಾಬ ನದಾಫ.
ಅಪ್ಪ ಗಾದಿ ಹೊಲಿಯಾಂವ, ಅರಳಿ ಹಿಂಜಾಂವ.
ಮಗಾ ಆ ಅರಳಿಯಂಗ ರಿಂಗಿನ್ಯಾಗ ತೇಲತಿದ್ದ.
ಹೊಡಿಯಾಕ ಹೋದವರ ಮುಷ್ಟಿಗೆ
ಅವನ ಬೆವರಿನ ವಾಸನಿ ಅಷ್ಟ ಸಿಗತಿತ್ತು.
ಐವತ್ತೆರಡು ಪಂದ್ಯ, ಒಂದೂ ಸೋತಿಲ್ಲ.
ಬರದಾಂವ ನಾನ, ಕೆಂಪು ರಟ್ಟಿನ ರಜಿಸ್ಟರಿನೊಳಗ.
ಸೋಲಿನ ಕಾಲಮ್ಮಿಗೆ ಶಾಯಿ ತಗಲಲಿಲ್ಲ.
ಮೂವತ್ತಕ್ಕ ಗ್ಲೌಜು ಗೂಟಕ್ಕ ಹಾಕಿದಾಗ
ಮೂಗು ತಾಯಿ ಕೊಟ್ಟಂಗ ನೆಟ್ಟಗಿತ್ತು.

ಏಸುಪಾದನ ಕತಿ ಮೂಗಿನಿಂದನ ಶುರು ಮಾಡಬೇಕು.
ಮೂರು ಸಲ ಮುರದು ಕಡೀಕ ಎಡಕ್ಕ ಹೊಳ್ಳಿ
ಕೇಶ್ವಾಪುರದ ಕಡೆ ನೋಡಕೋತ ನಿಂತಿತ್ತು ಅದು.
ಕಮ್ಮಾರ ಶಾಪಿನ್ಯಾಗ ಸುತಗಿ ಎತ್ತಾಂವ.
ಒಂದಿನ ಕಾದ ಸ್ಪ್ರಿಂಗ್ ಪಟ್ಟಿ ಜಿಗದು ಬಲ ಮೊಳಕೈಗೆ ಬಡೀತು.
ಮುಂದ ಎಂದೂ ತೋಳು ಪೂರಾ ಚಾಚಲಿಲ್ಲ.
ಮತ್ತೊಬ್ಬ ಆಗಿದ್ರ ಬಿಟ್ಟ ಬಿಡತಿದ್ದ.
ಇಂವ ಮೊಳಕೈ ಪಕ್ಕಡಿಗೆ ಒತ್ತಿಕೊಂಡು
ಚೋಟುದ್ದ ಜಾಗಾದಾಗ ಹೊಡಿಯೂದು ಕಲತ.
ಗುಂತಕಲ್ಲಿನವರು ಕರದ್ರೂ ಹೋದ, ಸೊಲ್ಲಾಪುರದವರು ಕರದ್ರೂ ಹೋದ,
ಜ್ವರಾ ಬಂದಾಗೂ ಹೋದ.
ಇಪ್ಪತ್ತಮೂರು ಗೆದ್ದ, ಇಪ್ಪತ್ತು ಸೋತ.
ಸೋತ ರಾತ್ರಿ ದುರ್ಗದಬೈಲಿನ್ಯಾಗ ಗಿರಮಿಟ್ ತಿನ್ನಾಂವ.
ಒಡದ ತುಟಿಗೆ ಖಾರ ಹತ್ತಿ ಕಣ್ಣೀರು ಬಂದ್ರ
"ಮೆಣಸಿನಕಾಯಿ ಬ್ಯಾಡಗೀದಲ್ಲೋ, ನಮ್ಮ ಗುಂಟೂರಿಂದು" ಅಂತ ನಗಾಂವ.

ಇಬ್ಬರೂ ಎದುರಾದದ್ದು ಒಂದ ಸಲ.
ಕಡೀ ಸುತ್ತು. ಆ ಚೋಟುದ್ದದ ಹೊಡತ
ದಾವಲಸಾಬನ ಪಕ್ಕಡಿಗೆ ಬಿತ್ತು.
ಅರಳಿ ಒದ್ದಿ ಆತು.
ಮೊಳಕಾಲು ಮಡಚಿ ಬರಾಕತ್ತಿತ್ತು,
ಮುನ್ನೂರು ಮಂದಿ ಉಸರು ಹಿಡದಿದ್ರು,
ಗಡಿಯಾರ ಇನ್ನೂ ಏಳು ಸೆಕೆಂಡ್ ಅಂತಿತ್ತು.

ನಾ ಬಾರಿಸಿಬಿಟ್ಟೆ.

ದಾವಲಸಾಬನ ಮ್ಯಾಲಿನ ಪ್ರೀತಿಗಲ್ಲ.
ಖಾಲಿ ಕಾಲಮ್ಮಿನ ಮ್ಯಾಲಿನ ಪ್ರೀತಿಗೆ.
ಕಾರಕೂನನ ಚಟ ಅದು.

ಅಂಕದ ಮ್ಯಾಲೆ ದಾವಲಸಾಬ ಗೆದ್ದ.
ಹಳಿ ತುಂಡು ಇನ್ನೂ ಗುಂಯ್ ಅಂತಿತ್ತು,
ಏಸುಪಾದ ನನ್ನ ಕಡೆ ಒಮ್ಮೆ ನೋಡಿದ,
ಹಲ್ಲಿನಿಂದ ಗ್ಲೌಜಿನ ಲಾಡಿ ಬಿಚ್ಚಾಕತ್ತಿದ.
ದಾವಲಸಾಬಗ ತಿಳದಿತ್ತೋ ಇಲ್ಲೋ.
ಆರು ತಿಂಗಳಿಗೆ ಆಟಾನ ಬಿಟ್ಟ, ಅಷ್ಟ ಗೊತ್ತು.

ರಜಿಸ್ಟರು ಈಗ ಗೆದ್ದಲದ ಪಾಲು.
ಗೆದ್ದದ್ದು ಸೋತದ್ದು ಅದಕ್ಕ ಒಂದ ರುಚಿ.

ಹೋದ ತಿಂಗಳ ಗದಗಿನ್ಯಾಗ ಹೆಣ್ಣಹುಡುಗೂರ ಪಂದ್ಯ ಇತ್ತು.
ಮುಳಗುಂದದಾಕಿ ಒಬ್ಬಾಕಿ, ಹದಿನೈದು ತುಂಬಿಲ್ಲ,
ಬಲ ಮೊಳಕೈ ಪಕ್ಕಡಿಗೆ ಒತ್ತಿ ಚೋಟುದ್ದ ಹೊಡದ್ಲು.
ನನ್ನ ಕೂದಲ ನೆಟ್ಟಗಾದವು.
"ಯಾಕವಾ, ಕೈಗೇನಾಗೈತಿ?" ಅಂದೆ.
"ಏನಾಗಿಲ್ಲಜ್ಜಾ. ನಮ್ಮ ಸರ್ ಹಿಂಗ ಕಲಿಸ್ಯಾರ.
ಅವರ ಸರ್ ಅವರಿಗೆ ಹಿಂಗ ಕಲಿಸಿದ್ರಂತ."
ಗಟ್ಟಿ ಕೈ, ಒಂದು ಗೀರಿಲ್ಲ.
ಮುರಿಯದ ಎಲುಬು
ಮುರದ ಎಲುಬಿನ ಮಾತು ಆಡತಿತ್ತು.

ದಾವಲಸಾಬನಂಗ ತೇಲಾವರು ಒಬ್ಬರೂ ಕಾಣಲಿಲ್ಲ.
ಅದನ್ನ ಕಲಸಾಕ ಬರೂದಿಲ್ಲ.
ಅಂಥಾದ್ದು ಕಂಡ ಕಣ್ಣು
ಹುಬ್ಬಳ್ಳಿಯೊಳಗ ಹತ್ತು ಉಳದಿರಬೇಕು,
ಅದರಾಗ ಎರಡು ನನ್ನವು,
ಒಂದಕ್ಕ ಪೊರಿ ಬಂದೈತಿ.

ಕೇಳಬ್ಯಾಡ್ರಿ ನನ್ನ.
ನನ್ನ ಕಡೆ ಏಳು ಸೆಕೆಂಡ್ ಬಾಕಿ ಅದಾವ.
ಯಾರಿಗೆ ಕೊಡಬೇಕೋ ಆಂವ ಮಣ್ಣಾಗಿ ಹನ್ನೊಂದು ವರ್ಷಾತು.
ಚಾದ ರೊಕ್ಕ ಇವತ್ತ ನಾ ಕೊಡತೀನಿ.